ನೋವು ಹೋಯಿತು, ಆದರೆ ಮಂಡಿ ಗಟ್ಟಿಯಾಯಿತೇ?



ಕಬಡ್ಡಿ, ಖೊ-ಖೊ, ವಾಲಿಬಾಲ್ ಆಡುವ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಓಡುತ್ತಾ ಗಕ್ಕನೆ ತಿರುಗಿದಾಗ ಅಥವಾ ಹಾರಿ ಕಾಲೂರಿದಾಗ ಮಂಡಿಯೊಳಗೆ 'ಟಕ್' ಅಂತ ಶಬ್ದ ಬಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಬರೀ ಉಳುಕು ಅಂತ ಸುಮ್ಮನಿರಬೇಡಿ. ಎಣ್ಣೆ ಹಾಕಿ ತಿಕ್ಕಿಸಲೂ ಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲಿಗೆ ಭಾರ ಬೀಳದಂತೆ ಮೂಳೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಮಂಡಿಯೊಳಗೆ ಏನಿದೆ?

ತೊಡೆ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಹಗ್ಗದಂಥ ಲಿಗಮೆಂಟ್‌ಗಳು ಹಿಡಿದಿಟ್ಟಿವೆ. ಇವುಗಳಲ್ಲಿ 'ಎ.ಸಿ.ಎಲ್.' ಎಂಬುದು ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಒಂದೇ ಆಟ ಆಡಿದರೂ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹರಿಯುವುದು ಹೆಚ್ಚು.

ಅಳೆಯುವುದು ಹೇಗೆ?

1. ಕೈ ಪರೀಕ್ಷೆ: ಮಂಡಿಯನ್ನು 20-30 ಡಿಗ್ರಿ ಬಗ್ಗಿಸಿ, ವೈದ್ಯರು ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಇದಕ್ಕೆ ಲ್ಯಾಕ್‌ಮನ್ ಪರೀಕ್ಷೆ ಅಂತ ಹೆಸರು. ಲಿಗಮೆಂಟ್ ಸರಿಯಿದ್ದರೆ ಹಗ್ಗ ಬಿಗಿದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಹರಿದಿದ್ದರೆ ಸಡಿಲವಾಗಿ ಜಾರುತ್ತದೆ.

2. ಯಂತ್ರದ ಅಳತೆ: ಎಷ್ಟು ಮಿಲಿಮೀಟರ್ ಜಾರಿತು ಎಂದು ಅಳೆಯುವ ಉಪಕರಣವೂ ಇದೆ. ಎರಡು ಕಾಲುಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಂಶಯಪಡಬೇಕು. ಹರಿದದ್ದು ಎಂ.ಆರ್.ಐ.ಯಲ್ಲಿ ಕಾಣುತ್ತದೆ.

3. ಒಂಟಿಕಾಲ ಜಿಗಿತ: ಇದು ಚಿಕಿತ್ಸೆಯಾಗಿ ಹಲವು ತಿಂಗಳ ನಂತರದ ಪರೀಕ್ಷೆ. ಒಳ್ಳೆ ಕಾಲಲ್ಲಿ 120 ಸೆಂ.ಮೀ., ಪೆಟ್ಟಾದ ಕಾಲಲ್ಲಿ 90 ಸೆಂ.ಮೀ. ಜಿಗಿದರೆ ಶೇ. 75 ಆಯಿತು. ಆಟಕ್ಕೆ ಮರಳಲು ಕನಿಷ್ಠ ಶೇ. 90, ಅಂದರೆ 108 ಸೆಂ.ಮೀ. ಬೇಕು. ತೊಡೆಯ ಬಲವೂ ಅಷ್ಟೇ ಇರಬೇಕು. ಫಿಸಿಯೋಥೆರಪಿಯವರು ಹೇಳುವ ಮುಂಚೆ ಮನೆಯಲ್ಲಿ ಜಿಗಿಸಿ ನೋಡಬೇಡಿ.

ಅವಸರ ಯಾಕೆ ಬೇಡ?

ಮೂರು-ನಾಲ್ಕು ತಿಂಗಳಲ್ಲಿ ನೋವು ಹೋಗ್ತದೆ, ಮಕ್ಕಳು "ಅಮ್ಮಾ, ಆಡ್ತೇನೆ" ಅಂತಾರೆ. ಆದರೆ ಆಪರೇಷನ್‌ನಲ್ಲಿ ಜೋಡಿಸಿದ ಹೊಸ ಲಿಗಮೆಂಟ್ ಆಗ ಇನ್ನೂ ಬಲಿತಿರುವುದಿಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪರೇಷನ್ ಆದ 9 ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ತಗ್ಗಿತು. ಸಡಿಲ ಮಂಡಿಯಲ್ಲೇ ಆಡಿದರೆ ಒಳಗಿನ ಮೆತ್ತೆಯೂ ಹರಿದು, ಚಿಕ್ಕ ವಯಸ್ಸಿನಲ್ಲೇ ಮಂಡಿ ಸವೆತ ಬರಬಹುದು.

ನಾವೇನು ಮಾಡಬಹುದು?

ಆಯುಷ್ಮಾನ್ ಕಾರ್ಡ್ ಇದ್ದವರು ಸಾಲಕ್ಕೆ ಕೈಹಾಕುವ ಮುಂಚೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ಪ್ರತಿ ಭೇಟಿಯ ಅಳತೆಯನ್ನು ಪುಸ್ತಕದಲ್ಲಿ ಬರೆದಿಡಿ. ಉಳಿತಾಯದ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವಲ್ಲ. ಟೂರ್ನಮೆಂಟ್ ಬಂತೆಂದು ಯಾರಾದರೂ ಒತ್ತಾಯಿಸಿದರೆ ಆ ಪುಸ್ತಕ ತೋರಿಸಿ. ಈ ವರ್ಷದ ಆಟ ತಪ್ಪಿದರೆ ಮುಂದಿನ ವರ್ಷ ಆಡಬಹುದು. ಮಂಡಿ ಮಾತ್ರ ಜೀವಮಾನವೆಲ್ಲ ಬೇಕು.