ಪ್ರತಿಕಾಯ ಮಾರುಕಟ್ಟೆಯಲ್ಲಿ ಖಾತರಿಯೇ ಬಂಡವಾಳ

ಪಶ್ಚಿಮ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ದಕ್ಷಿಣಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಸಂಶೋಧನೆ ಮತ್ತು ಉತ್ಪಾದನೆ ಇಷ್ಟು ಸಮೀಪದಲ್ಲಿರುವ ಈ ಭಾಗಕ್ಕೆ ಪ್ರಯೋಗಾಲಯ ಸಾಮಗ್ರಿಗಳ ಉದ್ಯಮ ಹೊಸದೇನಲ್ಲ. 1989ರಲ್ಲಿ ಆರಂಭವಾದ ಬ್ಯಾಂಗಲೋರ್ ಜೀನೈ ಸಂಸ್ಥೆಯು ಪೀಣ್ಯದಲ್ಲಿ ಸಂಶೋಧನೆಗೆ ಬೇಕಾದ ಕಿಣ್ವಗಳು ಮೊದಲಾದವುಗಳನ್ನು ತಯಾರಿಸಿತು. 2009ರಲ್ಲಿ ಜರ್ಮನಿಯ ಮರ್ಕ್ ಅದನ್ನು ಖರೀದಿಸಿತು.

ಇಂತಹ ಸಾಮಗ್ರಿಗಳಲ್ಲಿ ಪ್ರತಿಕಾಯಗಳಿಗೆ ವಿಶಿಷ್ಟ ಸ್ಥಾನವಿದೆ. ಸಾವಿರಾರು ಪ್ರೋಟೀನುಗಳ ನಡುವೆ ಬೇಕಾದ ಒಂದನ್ನೇ ಗುರುತಿಸಿ ಅಂಟಿಕೊಳ್ಳುವುದು ಇವುಗಳ ಕಾರ್ಯ. ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಪಡೆಯದಿದ್ದುದರಿಂದ ವಿಧಾನವು ಎಲ್ಲರಿಗೂ ಮುಕ್ತವಾಯಿತು.

ಜೀವಕೋಶದೊಳಗಿನ ಸಂಕೇತಗಳನ್ನು ತಡೆಯುವ ಪ್ರೋಟೀನುಗಳ ಅಧ್ಯಯನದಲ್ಲಿ ಇವು ಅನಿವಾರ್ಯ. ಐ-ಕಪ್ಪಾ-ಬಿ ಆಲ್ಫಾ ಇದಕ್ಕೊಂದು ನಿದರ್ಶನ. ಉರಿಯೂತದ ಜೀನುಗಳನ್ನು ಚಾಲನೆಗೊಳಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಇದು ಕೋಶಕೇಂದ್ರದ ಹೊರಗೇ ಹಿಡಿದಿಡುತ್ತದೆ. ಸಂಕೇತ ಬಂದಾಗ ಈ ಕಾವಲುಗಾರ ಕೆಲವೇ ನಿಮಿಷಗಳಲ್ಲಿ ನಾಶವಾಗಿ, ಬಳಿಕ ಮತ್ತೆ ತಯಾರಾಗುತ್ತದೆ. ಸಂಶೋಧಕನು ಪ್ರತಿಕಾಯದ ನೆರವಿನಿಂದ ಈ ಏರಿಳಿತವನ್ನು ಪಟ್ಟಿಯ ರೂಪದಲ್ಲಿ ಕಾಣುತ್ತಾನೆ. ಪ್ರತಿಕಾಯವು ಬೇರೊಂದು ಪ್ರೋಟೀನಿಗೂ ಅಂಟಿಕೊಂಡರೆ, ನಾಶವಾದದ್ದು ಉಳಿದಂತೆ ತೋರುತ್ತದೆ, ತೀರ್ಮಾನವೇ ತಪ್ಪುತ್ತದೆ.

ಈ ಅಪಾಯ ಕಾಲ್ಪನಿಕವಲ್ಲ. ಕೆನಡಾ ಮೂಲದ ವೈಕ್ಯಾರೋಸ್ ತಂಡವು 65 ಪ್ರೋಟೀನುಗಳಿಗೆ ಸಂಬಂಧಿಸಿದ 614 ವಾಣಿಜ್ಯ ಪ್ರತಿಕಾಯಗಳನ್ನು ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಹಲವು ಪ್ರತಿಕಾಯಗಳು ಸೂಚಿತ ಬಳಕೆಯಲ್ಲಿ ವಿಫಲವಾಗಿದ್ದವು. ಗುರಿ ಪ್ರೋಟೀನನ್ನೇ ತೆಗೆದುಹಾಕಿದ ಜೀವಕೋಶಗಳೊಡನೆ ಹೋಲಿಸುವುದು ಇಲ್ಲಿನ ಒರೆಗಲ್ಲು. ಪ್ರೋಟೀನೇ ಇಲ್ಲದ ಕಡೆಯಲ್ಲೂ ಪಟ್ಟಿ ಮೂಡಿದರೆ ಆ ಪ್ರತಿಕಾಯವನ್ನು ನಂಬಲಾಗದು. ಫಲಿತಾಂಶ ತಿಳಿದ ಬಳಿಕ ತಯಾರಕರು ಕೆಲವು ಸರಕುಗಳನ್ನು ಮಾರಾಟದಿಂದ ಹಿಂತೆಗೆದುಕೊಂಡರು. ಇನ್ನು ಕೆಲವುಗಳ ಬಳಕೆಯ ಸೂಚನೆಗಳನ್ನು ತಿದ್ದಿದರು.

ನಮ್ಮ ವರ್ತಕರಿಗೂ ಕಿರು ಉದ್ಯಮಿಗಳಿಗೂ ಇದರಲ್ಲಿ ಪಾಠವಿದೆ, ಅವಕಾಶವೂ ಇದೆ. ಪುಟ್ಟ ಸೀಸೆಯೊಳಗಿನ ದ್ರವದ ಗುಣಮಟ್ಟ ಕಣ್ಣಿಗೆ ಕಾಣುವಂತಹುದಲ್ಲ. ಆದ್ದರಿಂದ ತಂಡದ ಸಂಖ್ಯೆ, ಪರೀಕ್ಷೆಯ ವರದಿ, ಸಾಗಣೆಯ ಉದ್ದಕ್ಕೂ ಕಾಯ್ದುಕೊಂಡ ಶೈತ್ಯದ ದಾಖಲೆ ಇವು ಸರಕಿನ ಜೊತೆಯಲ್ಲೇ ಸಾಗಬೇಕು. ಆಮದು ಸರಕನ್ನು ಕೇವಲ ಕೈ ಬದಲಾಯಿಸುವವನಿಗೆ ಉಳಿಯುವುದು ದಲ್ಲಾಳಿಯ ಲಾಭ ಮಾತ್ರ; ಪರೀಕ್ಷಿಸಿ ಖಾತರಿ ನೀಡುವವನಿಗೆ ಗ್ರಾಹಕನ ವಿಶ್ವಾಸವೂ ಉಳಿಯುತ್ತದೆ. ಜ್ಞಾನಭಾರತಿಯಂತಹ ವಿದ್ಯಾಕೇಂದ್ರಗಳೊಡನೆ ಕೈಜೋಡಿಸಿದಲ್ಲಿ ಅಂತಹ ಪರೀಕ್ಷಾ ಸೇವೆಯು ಈ ಭಾಗದಲ್ಲಿಯೇ ನೆಲೆಗೊಳ್ಳುವುದು ಅಸಾಧ್ಯವೇನಲ್ಲ.