ವೈಯಕ್ತಿಕ ಸಹಾಯ (ಸ್ವೀಡನ್)

ವೈಯಕ್ತಿಕ ಸಹಾಯ ಎಂಬುದು ತೀವ್ರ ಅಂಗವೈಕಲ್ಯವುಳ್ಳವರು ಸ್ವಂತ ಮನೆಯಲ್ಲಿ ಬದುಕಲು ಬೇಕಾದ ನೆರವನ್ನು ತಾವೇ ನಿರ್ದೇಶಿಸಿಕೊಳ್ಳಲು ಅವಕಾಶ ನೀಡುವ, ಸ್ವೀಡನ್ ದೇಶದ ಒಂದು ಸಾಮಾಜಿಕ ವ್ಯವಸ್ಥೆ. ಇದು ಕಾನೂನುಬದ್ಧ ಹಕ್ಕಾಗಿ 1994ರ ಜನವರಿ 1ರಿಂದ ಜಾರಿಯಲ್ಲಿದೆ. ಸ್ನಾನ, ಉಡುಪು, ಊಟ, ಓಡಾಟ ಮುಂತಾದ ದೈನಂದಿನ ಕಾರ್ಯಗಳಲ್ಲಿ ಯಾರು ನೆರವಾಗಬೇಕು, ಯಾವ ಹೊತ್ತಿನಲ್ಲಿ ಮತ್ತು ಯಾವ ರೀತಿಯಲ್ಲಿ ನೆರವಾಗಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ನೆರವು ಪಡೆಯುವ ವ್ಯಕ್ತಿಗೆ ಸೇರಿರುತ್ತದೆ. ಸಾಮಾನ್ಯ ಗೃಹಸೇವೆಯಲ್ಲಿ ಸಿಬ್ಬಂದಿಯ ವೇಳಾಪಟ್ಟಿಗೆ ವ್ಯಕ್ತಿಯು ಹೊಂದಿಕೊಳ್ಳಬೇಕಾಗುತ್ತದೆ. ವೈಯಕ್ತಿಕ ಸಹಾಯದಲ್ಲಿ ವ್ಯಕ್ತಿಯ ದಿನಚರಿಗೆ ಸಹಾಯಕರು ಹೊಂದಿಕೊಳ್ಳುತ್ತಾರೆ. ಇದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಸ್ವೀಡನ್‌ನಲ್ಲಿ ಹೆಚ್ಚಿನ ನೆರವು ಬೇಕಿದ್ದ ಅನೇಕರು ಆರೈಕೆ ಸಂಸ್ಥೆಗಳಲ್ಲಿ ವಾಸಿಸುತ್ತಿದ್ದರು. 1960ರ ದಶಕದಲ್ಲಿ ಆರಂಭವಾದ ಫೋಕಸ್ ಎಂಬ ವಸತಿ ಯೋಜನೆಯು ಇದಕ್ಕೆ ಪರ್ಯಾಯವನ್ನು ಒದಗಿಸಿತು. ಅಂಗವಿಕಲರಿಗೆ ಅನುಕೂಲವಾಗುವಂತೆ ಕಟ್ಟಿದ ಮನೆಗಳಲ್ಲಿ, ಕರೆದಾಗ ಬಂದು ನೆರವಾಗುವ ಸಿಬ್ಬಂದಿಯನ್ನು ಅಲ್ಲಿ ನೇಮಿಸಲಾಗಿತ್ತು. ಆದರೆ ಆ ಸಿಬ್ಬಂದಿ ಎಲ್ಲ ನಿವಾಸಿಗಳಿಗೂ ಸಾಮಾನ್ಯವಾಗಿದ್ದುದರಿಂದ ಸರದಿಗಾಗಿ ಕಾಯಬೇಕಾಗುತ್ತಿತ್ತು. ನೆರವು ಮನೆಗೆ ಅಂಟಿಕೊಂಡಿದ್ದುದರಿಂದ, ಬೇರೆ ಊರಿಗೆ ಹೋಗಬಯಸುವವರ ಜೊತೆ ಅದು ಹೋಗುತ್ತಿರಲಿಲ್ಲ.

ಈ ಸ್ಥಿತಿಯನ್ನು ಪ್ರಶ್ನಿಸಿದವರಲ್ಲಿ ಅಡಾಲ್ಫ್ ರಾಟ್ಸ್ಕಾ ಪ್ರಮುಖರು. ಜರ್ಮನಿಯಲ್ಲಿ ಜನಿಸಿದ ಇವರು 1961ರಲ್ಲಿ ಪೋಲಿಯೊಗೆ ತುತ್ತಾಗಿ ಐದು ವರ್ಷಗಳನ್ನು ಆಸ್ಪತ್ರೆಯಲ್ಲಿ ಕಳೆದರು. 1966ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ತೆರಳಿ, ಅಲ್ಲಿ ಸರ್ಕಾರಿ ಧನಸಹಾಯದಿಂದ ಇತರ ವಿದ್ಯಾರ್ಥಿಗಳನ್ನು ತಮ್ಮ ಸಹಾಯಕರನ್ನಾಗಿ ನೇಮಿಸಿಕೊಂಡು ವ್ಯಾಸಂಗ ನಡೆಸಿದರು. ಕ್ಯಾಲಿಫೋರ್ನಿಯಾದಲ್ಲಿ ಅದೇ ಕಾಲಕ್ಕೆ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರ ಪ್ರಯತ್ನದಿಂದ ಸ್ವತಂತ್ರ ಜೀವನ ಚಳವಳಿ ರೂಪುಗೊಳ್ಳುತ್ತಿತ್ತು. ಇದರ ಫಲವಾಗಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರ ಸ್ಥಾಪನೆಯಾಯಿತು. 1973ರಲ್ಲಿ ಸ್ವೀಡನ್‌ಗೆ ಬಂದ ರಾಟ್ಸ್ಕಾ ಈ ವಿಚಾರಗಳನ್ನು ಅಲ್ಲಿ ಪ್ರಚುರಪಡಿಸಿದರು. 1984ರಲ್ಲಿ ಅವರ ನೇತೃತ್ವದಲ್ಲಿ ಸ್ಟಿಲ್ ಎಂಬ ಸಹಕಾರಿ ಸಂಘವು ಸ್ಟಾಕ್‌ಹೋಮ್‌ನಲ್ಲಿ ಆರಂಭವಾಯಿತು. ಗೃಹಸೇವೆಗೆ ವೆಚ್ಚವಾಗುತ್ತಿದ್ದ ಹಣವನ್ನು ನೆರವು ಪಡೆಯುವವರಿಗೇ ನೀಡಿದರೆ ಅವರೇ ಸಹಾಯಕರನ್ನು ಆರಿಸಿ, ತರಬೇತಿ ಕೊಟ್ಟು, ಮೇಲ್ವಿಚಾರಣೆ ಮಾಡಬಲ್ಲರು ಎಂಬುದು ಸಂಘದ ವಾದವಾಗಿತ್ತು. 1987ರಲ್ಲಿ ಆರಂಭವಾದ ಪ್ರಾಯೋಗಿಕ ಯೋಜನೆಯ ಮೂಲಕ ಸಂಘವು ಇದನ್ನು ಕಾರ್ಯರೂಪಕ್ಕೆ ತಂದಿತು.

ಶಾಸನ

ಸಾಮಾಜಿಕ ವ್ಯವಹಾರಗಳ ಸಚಿವರಾಗಿದ್ದ ಬೆಂಗ್ಟ್ ವೆಸ್ಟರ್‌ಬೆರ್ಗ್ ಅವರ ಅವಧಿಯಲ್ಲಿ, 1993ರಲ್ಲಿ, ಸ್ವೀಡನ್ ಸಂಸತ್ತು ಎರಡು ಕಾಯ್ದೆಗಳನ್ನು ಅಂಗೀಕರಿಸಿತು. ಎಲ್‌ಎಸ್‌ಎಸ್ ಎಂದು ಕರೆಯಲಾಗುವ ಮೊದಲನೆಯದು ಅಂಗವಿಕಲರಿಗೆ ದೊರೆಯಬೇಕಾದ ಹತ್ತು ಬಗೆಯ ಸೇವೆಗಳನ್ನು ಹೆಸರಿಸುತ್ತದೆ. ವೈಯಕ್ತಿಕ ಸಹಾಯವು ಅವುಗಳಲ್ಲಿ ಒಂದು. ಎರಡನೆಯದು ಇದಕ್ಕೆ ಸರ್ಕಾರ ನೀಡುವ ಸಹಾಯ ಭತ್ಯೆಗೆ ಸಂಬಂಧಿಸಿತ್ತು. 2011ರಿಂದ ಇದರ ನಿಯಮಗಳನ್ನು ಸಾಮಾಜಿಕ ವಿಮಾ ಸಂಹಿತೆಯಲ್ಲಿ ಸೇರಿಸಲಾಗಿದೆ. ಅಂಗವಿಕಲರು ಇತರರಂತೆ ಬದುಕಲು ಸಾಧ್ಯವಾಗಬೇಕು ಎಂಬುದು ಎಲ್‌ಎಸ್‌ಎಸ್ ಕಾಯ್ದೆಯ ಘೋಷಿತ ಗುರಿ. ಅರ್ಜಿ ತಿರಸ್ಕೃತವಾದರೆ ಆಡಳಿತ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಅರ್ಹತೆ ಮತ್ತು ಗಂಟೆಗಳ ಲೆಕ್ಕ

ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವವರು, ವಯಸ್ಕರಾದ ಮೇಲೆ ಮಿದುಳಿಗೆ ಹಾನಿಯಾಗಿ ಶಾಶ್ವತ ಬೌದ್ಧಿಕ ತೊಂದರೆಗೆ ಒಳಗಾದವರು ಹಾಗೂ ಸಹಜ ಮುಪ್ಪಿನಿಂದಲ್ಲದೆ ಇತರ ಕಾರಣಗಳಿಂದ ದೀರ್ಘಕಾಲಿಕ, ಗಂಭೀರ ಅಂಗವೈಕಲ್ಯ ಹೊಂದಿದವರು ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. 2001ರಿಂದ, ಮೊದಲೇ ಈ ಸೌಲಭ್ಯ ಪಡೆದಿದ್ದವರು 65 ವರ್ಷ ದಾಟಿದ ಬಳಿಕವೂ ಅದನ್ನು ಉಳಿಸಿಕೊಳ್ಳಬಹುದಾಗಿದೆ.

ನೆರವಿನ ಪ್ರಮಾಣವನ್ನು ಗಂಟೆಗಳಲ್ಲಿ ಅಳೆಯಲಾಗುತ್ತದೆ. ಮೊದಲು ಶುಚಿತ್ವ, ಉಡುಪು, ಊಟ, ಇತರರೊಡನೆ ಸಂವಹನ ಮುಂತಾದ ಮೂಲಭೂತ ಅಗತ್ಯಗಳನ್ನು ಪರಿಗಣಿಸುತ್ತಾರೆ. ಇವುಗಳಿಗೆ ವಾರಕ್ಕೆ ಸರಾಸರಿ 20 ಗಂಟೆಗಿಂತ ಹೆಚ್ಚು ನೆರವು ಬೇಕಿದ್ದರೆ ಸಾಮಾಜಿಕ ವಿಮಾ ಇಲಾಖೆಯ ಭತ್ಯೆ ದೊರೆಯುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಸ್ಥಳೀಯ ಪೌರಾಡಳಿತವೇ ಹೊಣೆ ಹೊರುತ್ತದೆ. ಮೂಲಭೂತ ಅಗತ್ಯಗಳು ದೃಢಪಟ್ಟ ಮೇಲೆ ಅಡುಗೆ, ಖರೀದಿ, ಉದ್ಯೋಗ, ಮಕ್ಕಳ ಪಾಲನೆ, ಪ್ರವಾಸ ಮುಂತಾದ ಇತರ ಅಗತ್ಯಗಳ ಗಂಟೆಗಳನ್ನೂ ಸೇರಿಸಲಾಗುತ್ತದೆ. ಆದ್ದರಿಂದ ಮೊದಲ ಹಂತದಲ್ಲಿ ಕೆಲವೇ ಗಂಟೆಗಳು ಕಡಿಮೆಯಾದರೂ ಅದರ ಪರಿಣಾಮ ಇಡೀ ಬದುಕಿನ ಮೇಲಾಗಬಹುದು. ಅಗತ್ಯಕ್ಕೆ ಅನುಗುಣವಾಗಿ ದಿನದ 24 ಗಂಟೆಯೂ ನೆರವು ಮಂಜೂರಾಗಬಹುದು.

ನಿರ್ವಹಣೆ

ಮಂಜೂರಾದ ಗಂಟೆಗಳಿಗೆ ಸರ್ಕಾರವು ಪ್ರತಿ ವರ್ಷ ಗೊತ್ತುಪಡಿಸುವ ಏಕರೂಪದ ದರದಲ್ಲಿ ಹಣ ದೊರೆಯುತ್ತದೆ. ಇದನ್ನು ಬಳಸಲು ನಾಲ್ಕು ದಾರಿಗಳಿವೆ: ಪೌರಾಡಳಿತದ ಸೇವೆಯನ್ನು ಪಡೆಯುವುದು, ಸಹಕಾರಿ ಸಂಘವನ್ನು ಸೇರುವುದು, ಖಾಸಗಿ ಕಂಪನಿಯನ್ನು ಆರಿಸಿಕೊಳ್ಳುವುದು ಅಥವಾ ತಾವೇ ಉದ್ಯೋಗದಾತರಾಗುವುದು. ತಾವೇ ಉದ್ಯೋಗದಾತರಾದವರು ಸಂಬಳ, ತೆರಿಗೆ, ರಜೆ ಮತ್ತು ಪಾಳಿಗಳ ಹೊಣೆಯನ್ನು ಹೊರುವುದರ ಜೊತೆಗೆ ವೆಚ್ಚದ ಲೆಕ್ಕ ಒಪ್ಪಿಸಿ, ಬಳಸದೆ ಉಳಿದ ಹಣವನ್ನು ಹಿಂದಿರುಗಿಸಬೇಕು. ಈ ಕೆಲಸವನ್ನು ಸಂಘಕ್ಕೋ ಕಂಪನಿಗೋ ವಹಿಸಿದವರು ಕೂಡ ಸಹಾಯಕರ ಆಯ್ಕೆಯಲ್ಲಿ ತಮ್ಮ ಅಭಿಪ್ರಾಯವನ್ನು ಚಲಾಯಿಸಬಹುದು. ಕುಟುಂಬದ ಸದಸ್ಯರನ್ನೂ ಸಹಾಯಕರನ್ನಾಗಿ ನೇಮಿಸಲು ಅವಕಾಶವಿದೆ.

ವಿವಾದಗಳು ಮತ್ತು ತಿದ್ದುಪಡಿಗಳು

ವೆಚ್ಚದ ಏರಿಕೆ, ಖಾಸಗಿ ಕಂಪನಿಗಳ ಲಾಭ ಮತ್ತು ವಂಚನೆಯ ಪ್ರಕರಣಗಳು ಟೀಕೆಗೆ ಗುರಿಯಾಗಿವೆ. ಖಾಸಗಿಯಾಗಿ ಸೇವೆ ಒದಗಿಸುವವರು ಅನುಮತಿ ಪಡೆಯುವುದನ್ನು 2011ರಿಂದ ಕಡ್ಡಾಯಗೊಳಿಸಲಾಯಿತು.

ಹೆಚ್ಚಿನ ವಿವಾದಕ್ಕೆ ಕಾರಣವಾದುದು 'ಮೂಲಭೂತ ಅಗತ್ಯ' ಎಂಬ ಪದದ ವ್ಯಾಖ್ಯಾನ. 2009ರಲ್ಲಿ ದೇಶದ ಅತ್ಯುಚ್ಚ ಆಡಳಿತ ನ್ಯಾಯಾಲಯವು ತೀರಾ ಖಾಸಗಿ ಸ್ವರೂಪದ ನೆರವನ್ನು ಮಾತ್ರ ಮೂಲಭೂತವೆಂದು ಎಣಿಸಬೇಕೆಂಬ ನಿಲುವು ತಳೆಯಿತು. ಇದರ ನಂತರ ದೈನಂದಿನ ಕಾರ್ಯಗಳನ್ನು ಬಿಡಿಬಿಡಿಯಾಗಿ ಅಳೆಯುವ ಪದ್ಧತಿ ಬಲಗೊಂಡಿತು. ಉದಾಹರಣೆಗೆ, ತುತ್ತನ್ನು ಬಾಯಿಗಿಡುವ ನೆರವು ಲೆಕ್ಕಕ್ಕೆ ಬಂದರೂ ಊಟವನ್ನು ಸಿದ್ಧಪಡಿಸುವ ನೆರವು ಬರುತ್ತಿರಲಿಲ್ಲ. ಹೀಗಾಗಿ ಆರೋಗ್ಯ ಸ್ಥಿತಿ ಸುಧಾರಿಸದಿದ್ದರೂ ಮರುಪರಿಶೀಲನೆಯಲ್ಲಿ ಕೆಲವರು ಭತ್ಯೆಯನ್ನು ಕಳೆದುಕೊಂಡರು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯು 2014ರಲ್ಲಿ ಈ ಬಗ್ಗೆ ಕಳವಳ ವ್ಯಕ್ತಪಡಿಸಿತು. ಸಂಘಟನೆಗಳ ಪ್ರತಿಭಟನೆಯ ಬಳಿಕ ಕಾಯ್ದೆಗೆ ತಿದ್ದುಪಡಿಗಳಾಗಿ, 2019ರಲ್ಲಿ ಉಸಿರಾಟಕ್ಕೆ ನೀಡುವ ನೆರವನ್ನೂ 2020ರಲ್ಲಿ ಕೊಳವೆಯ ಮೂಲಕ ಆಹಾರ ನೀಡುವ ನೆರವನ್ನೂ ಮೂಲಭೂತ ಅಗತ್ಯಗಳೆಂದು ಪೂರ್ಣವಾಗಿ ಪರಿಗಣಿಸಲಾಯಿತು.

ಅಂತರರಾಷ್ಟ್ರೀಯ ಮನ್ನಣೆ ಮತ್ತು ಭಾರತ

2006ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯು ಎಲ್ಲಿ, ಯಾರೊಂದಿಗೆ ವಾಸಿಸಬೇಕೆಂಬ ಆಯ್ಕೆಯನ್ನು ಹಕ್ಕೆಂದು ಗುರುತಿಸಿ, ವೈಯಕ್ತಿಕ ಸಹಾಯವನ್ನು ಹೆಸರಿಸಿ ಉಲ್ಲೇಖಿಸುತ್ತದೆ. ಭಾರತವು ಈ ಒಡಂಬಡಿಕೆಯನ್ನು 2007ರಲ್ಲಿ ಸ್ಥಿರೀಕರಿಸಿತು. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೇ ಪ್ರಕರಣವು ಸಮುದಾಯದಲ್ಲಿ ಬದುಕುವ ಹಕ್ಕಿನೊಂದಿಗೆ ವೈಯಕ್ತಿಕ ಸಹಾಯವನ್ನೂ ಪ್ರಸ್ತಾಪಿಸುತ್ತದೆ. ಹೆಚ್ಚಿನ ಬೆಂಬಲ ಬೇಕಾದವರು ಅದಕ್ಕಾಗಿ ಅರ್ಜಿ ಸಲ್ಲಿಸಲು 38ನೇ ಪ್ರಕರಣ ಅವಕಾಶ ನೀಡುತ್ತದೆ. 24ನೇ ಪ್ರಕರಣದಲ್ಲಿ ಆರೈಕೆದಾರರ ಭತ್ಯೆಯ ಉಲ್ಲೇಖವಿದೆ. ಆದರೆ ಸ್ವೀಡನ್‌ನ ಕಾಯ್ದೆಯಂತೆ ಗಂಟೆಗಳ ಆಧಾರದ ಮೇಲೆ ಹಣವನ್ನು ನಿಗದಿಪಡಿಸಿ, ಸಹಾಯಕರ ನೇಮಕವನ್ನು ವ್ಯಕ್ತಿಯ ಆಯ್ಕೆಗೆ ಬಿಡುವ ವ್ಯವಸ್ಥೆಯನ್ನು ಈ ಅಧಿನಿಯಮವು ವಿಧಿಸುವುದಿಲ್ಲ.