ನೋಡೋಕೆ ಬೆಂಕಿ, ಬಾಯಿಗಿಟ್ಟರೆ ಸಿಹಿ!

ಸಿಯೋಲ್ ನಗರದ ಬೀದಿಬದಿ ಬಂಡಿ. ಅಗಲವಾದ ತವೆಯಲ್ಲಿ ಕೆಂಡದಂಥ ಗೊಜ್ಜು ಕೊತಕೊತ ಕುದೀತಾ ಇರುತ್ತೆ. ಅದರಲ್ಲಿ ಬೆರಳುದ್ದದ ಬಿಳಿ ತುಂಡುಗಳು. ಮೊದಲ ಸಲ ನೋಡಿದವನಿಗೆ ಎದೆ ಝಲ್ಲೆನ್ನುತ್ತೆ. ಆದರೆ ನಮ್ಮವರು ಹೆದರಬೇಕಾದ್ದಿಲ್ಲ. ಆ ಮೆಣಸಿನಪುಡಿಯದ್ದೂ ಬ್ಯಾಡಗಿಯ ಸ್ವಭಾವವೇ: ಖಾರಕ್ಕಿಂತ ಬಣ್ಣ ಜಾಸ್ತಿ. ಮೊದಲ ತುತ್ತಿಗೆ ಸಿಹಿ, ಖಾರ ಆಮೇಲೆ ನಿಧಾನಕ್ಕೆ ಏರುತ್ತೆ.

ತಿಂಡಿಯ ಹೆಸರು ತೊಕ್‌ಬೊಕ್ಕಿ. ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿ, ನಾದಿ, ಹೊಸೆದು ಕತ್ತರಿಸಿದ್ದು. ನಮ್ಮ ಕಡುಬಿನ ದಾಯಾದಿ ಅನ್ನಿ, ಅಂಟು ಮಾತ್ರ ಹೆಚ್ಚು. ಗೊಜ್ಜಿನ ಜೀವ ಗೊಚುಜಾಂಗ್. ಮೆಣಸಿನಪುಡಿ, ಅಕ್ಕಿ, ಸೋಯಾ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ ಮುದ್ದೆ ಅದು.

ಇನ್ನು ದುಡ್ಡಿನ ಮಾತು. ಅಲ್ಲಿ ಸಾಧಾರಣ ಹೋಟೆಲಲ್ಲಿ ಒಂದು ಊಟಕ್ಕೆ ಈಗ 10,000 ವೊನ್ ಆಸುಪಾಸು. ಬಂಡಿಯ ತೊಕ್‌ಬೊಕ್ಕಿಗೆ ಸುಮಾರು 4,000ದಿಂದ 5,000 ವೊನ್. ನಮ್ಮ ಲೆಕ್ಕದಲ್ಲಿ 250-300 ರೂಪಾಯಿ. ಅಗ್ಗವೇ ಅಂತ ಮೂಗು ಮುರೀಬೇಡಿ, ಅಲ್ಲಿಗೆ ಅದೇ ಅಗ್ಗ. ಕಾಗದದ ಲೋಟದಲ್ಲಿ ಬಿಸಿ ಸಾರು ಹಲವು ಕಡೆ ಪುಕ್ಕಟೆ. ಟಿಪ್ಸ್ ಕೊಡೋ ಪದ್ಧತಿಯೂ ಇಲ್ಲ. ತಟ್ಟೆಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಅದರ ಮೇಲೆ ಬಡಿಸ್ತಾರೆ. ತೊಳೆಯೋ ಕೆಲಸವೇ ಉಳೀತು! ನಮ್ಮ ಗಾಡಿಯವರು ಗಮನಿಸಬಹುದು, ಆದರೆ ಅನುಕರಿಸೋದು ಬೇಡ.

ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ. ಮೀನಿನ ಹಿಟ್ಟಿನ ತುಂಡುಗಳನ್ನ ಆರಿಸಿ ಬದಿಗಿಟ್ಟರೆ ಆಯ್ತು ಅಂದ್ಕೊಂಡೀರಿ. ಒಣಮೀನು ಗೊಜ್ಜಿನ ನೀರಿನಲ್ಲೇ ಕುದ್ದಿರುತ್ತೆ. ಕೇಳದೆ ಬಾಯಿಗಿಡಬೇಡಿ.

ಈ ಖಾರದ ತಿಂಡಿ ತೀರಾ ಹಳೇದೇನಲ್ಲ. ಅರಮನೆಯಲ್ಲಿ ತಿಂತಿದ್ದದ್ದು ಸೋಯಾ ರಸದ ಸಪ್ಪೆ ತೊಕ್‌ಬೊಕ್ಕಿ. 1953ರಲ್ಲಿ, ಕೊರಿಯಾ ಯುದ್ಧ ನಿಂತ ವರ್ಷ, ಸಿಂದಾಂಗ್-ದೊಂಗ್ ಬಡಾವಣೆಯಲ್ಲಿ ಮಾ ಬೊಕ್-ರಿಮ್ ಎಂಬಾಕೆ ಬೀದಿಯಲ್ಲಿ ಒಲೆ ಹೂಡಿ ಖಾರದ್ದನ್ನ ಮಾರಲು ಶುರು ಮಾಡಿದರು. ಚೀನೀ ಹೋಟೆಲೊಂದರಲ್ಲಿ ಕೈಜಾರಿ ಕಪ್ಪು ಗೊಜ್ಜಿಗೆ ಬಿದ್ದ ಅಕ್ಕಿ ತುಂಡನ್ನ ತಿಂದು ನೋಡಿದಾಗ ಈ ಉಪಾಯ ಹೊಳೆಯಿತಂತೆ.

ಆಮೇಲೆ ಅಕ್ಕಿಗೇ ಬರ ಬಂತು. 1969ರಿಂದ ಕೆಲಕಾಲ ವಾರಕ್ಕೆ ಎರಡು ದಿನ ಹೋಟೆಲುಗಳಲ್ಲಿ ಅನ್ನ ಬಡಿಸೋ ಹಾಗಿರಲಿಲ್ಲ. ಅಮೆರಿಕದ ಗೋಧಿ ಬಂತು, ತೊಕ್‌ಬೊಕ್ಕಿ ಗೋಧಿಹಿಟ್ಟಿನದಾಯಿತು, ಶಾಲೆ ಹುಡುಗರ ಪುಡಿಗಾಸಿಗೂ ಸಿಕ್ಕಿತು. ಪಿ.ಎಲ್. 480 ಗೋಧಿಗೆ ರೇಷನ್ ಅಂಗಡಿ ಮುಂದೆ ಸಾಲು ನಿಂತ ಹಿರಿಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಸಿಂದಾಂಗ್-ದೊಂಗ್‌ನಲ್ಲಿ ಈಗ ಒಂದು ಬೀದಿಯೇ ಇದಕ್ಕೆ ಮೀಸಲು. ಮೇಜಿನ ಮೇಲೇ ಒಲೆ, ಎದುರಿಗೇ ಕುದಿಯೋ ಬಾಣಲೆ. ಅಲ್ಲಿ ಸಾಮಾನ್ಯವಾಗಿ ಇಬ್ಬರ ಪಾಲಿನಿಂದಲೇ ಶುರು, ಜೊತೆಗಾರರಿದ್ದರೆ ವಾಸಿ. ಒಂಟಿ ಪ್ರಯಾಣಿಕನಿಗೆ ಬಂಡಿಯೇ ಸರಿ. ಬಾಣಲೆಯಲ್ಲಿ ಗೊಜ್ಜು ಉಳಿದರೆ ಹಾಗೇ ಎದ್ದು ಬರಬೇಡಿ. ಅದಕ್ಕೆ ಅನ್ನ ಹಾಕಿ ಹುರಿದು ಕೊಡ್ತಾರೆ. ತಳ ಹತ್ತಿದ್ದನ್ನ ಚಮಚದಲ್ಲಿ ಕೆರೆದು ತಿನ್ನೋದೇ ಅಲ್ಲಿನ ರೂಢಿ.